ಚಾರ್ಜ್ ಆಗುವ ಸೆಲ್ ಎಷ್ಟು ಉಬ್ಬುತ್ತದೆ? ಅಳೆಯಲು ಡಯಲ್ ಗೇಜ್ ಸಾಕಾ?

ಪ್ರಶ್ನೆ: ನಾವು ದಾವಣಗೆರೆ ಕಡೆಯ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆ ವರ್ಷದಲ್ಲಿದ್ದೇವೆ. ಲಿಥಿಯಂ ಬ್ಯಾಟರಿಯ ಎಲೆಕ್ಟ್ರೋಡ್‌ಗಳು ಪ್ರತಿ ಸಲ ಚಾರ್ಜ್ ಆದಾಗ ಉಬ್ಬಿ, ಡಿಸ್ಚಾರ್ಜ್ ಆದಾಗ ಕುಗ್ಗುತ್ತವೆ ಎಂದು ಓದಿದೆವು. ಹಳೇ ಫೋನಿನ ಬ್ಯಾಟರಿ ಉಬ್ಬೋದೂ ಇದೇನಾ? ಮುಚ್ಚಿದ ಸೆಲ್ಲಿನೊಳಗೆ ಆಗುವುದನ್ನು ಸಂಶೋಧಕರು ಹೇಗೆ ಅಳೆಯುತ್ತಾರೆ? ನಮ್ಮ ಹತ್ತಿರ ಇರುವುದು ಕೆಲವು ಪೌಚ್ ಸೆಲ್ (ಮೆತ್ತನೆ ಫಾಯಿಲ್ ಚೀಲದ ಚಪ್ಪಟೆ ಸೆಲ್), ಚಿಕ್ಕ ಬ್ಯಾಟರಿ ಟೆಸ್ಟರ್, ಡಯಲ್ ಗೇಜ್ (ಸೂಕ್ಷ್ಮ ಚಲನೆ ತೋರಿಸುವ ಮುಳ್ಳಿನ ಮಾಪಕ) ಮತ್ತು ಲೋಡ್ ಸೆಲ್ (ಬಲ ಅಳೆಯುವ ಸೆನ್ಸರ್). ಇಷ್ಟರಲ್ಲಿ ಒಳ್ಳೆಯ ಪ್ರಾಜೆಕ್ಟ್ ಆಗುತ್ತದಾ?

ಉತ್ತರ: ಆಗುತ್ತದೆ. ನಿಜ ಹೇಳಬೇಕೆಂದರೆ ಈ ವಿಷಯದಲ್ಲಿ ಮೆಕ್ಯಾನಿಕಲ್‌ನವರಿಗೇ ಅನುಕೂಲ ಜಾಸ್ತಿ. ಬ್ಯಾಟರಿ ಲ್ಯಾಬುಗಳಲ್ಲಿ ವೋಲ್ಟೇಜು, ಕರೆಂಟು ಅಳೆಯುವುದು ಎಲ್ಲರಿಗೂ ಗೊತ್ತು. ಸೆಲ್ಲನ್ನು ಹಿಡಿದಿಡುವ ಚೌಕಟ್ಟು, ಅಂದರೆ ಫಿಕ್ಸ್‌ಚರ್, ಗಟ್ಟಿಯಾಗಿದೆಯಾ, ಅದೇ ಬಿಸಿಗೆ ಹಿಗ್ಗುತ್ತಿದೆಯಾ ಎಂದು ಯೋಚಿಸುವವರು ಕಡಿಮೆ. ಈ ಅಳತೆಯ ಕಷ್ಟವೆಲ್ಲ ಇರುವುದು ಅಲ್ಲೇ.

ಮೊದಲು ಎರಡು ಉಬ್ಬುಗಳನ್ನು ಬೇರೆ ಮಾಡಿಕೊಳ್ಳಿ. ಒಂದು ಬಂದುಹೋಗುವ ಉಬ್ಬು. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಕ್ಯಾಥೋಡ್ ಬಿಟ್ಟು ಗ್ರಾಫೈಟ್ ಆನೋಡಿನ ಪದರಗಳ ನಡುವೆ ಹೋಗಿ ಕೂರುತ್ತವೆ. ಖಾಲಿ ಗ್ರಾಫೈಟಿನಲ್ಲಿ ಪದರಗಳ ಅಂತರ 0.335 ನ್ಯಾನೋಮೀಟರ್. ಪೂರ್ತಿ ತುಂಬಿದಾಗ ಸುಮಾರು 0.370. ಅಂದರೆ ಹೆಚ್ಚುಕಡಿಮೆ 10 ಶೇಕಡಾ ಹಿಗ್ಗು. ಡಿಸ್ಚಾರ್ಜ್ ಮಾಡಿದರೆ ವಾಪಸ್ ಬರುತ್ತದೆ. ಇನ್ನೊಂದು ಉಳಿದುಬಿಡುವ ಉಬ್ಬು. ಎಲೆಕ್ಟ್ರೋಲೈಟ್ ಒಡೆದು ಬರುವ ಗ್ಯಾಸು, ಆನೋಡಿನ ಮೇಲೆ ನಿಧಾನವಾಗಿ ಬೆಳೆಯುವ ಪೊರೆ, ಸರಿಯಾಗಿ ಒಳಗೆ ಹೋಗದೆ ಮೇಲೇ ಕೂತ ಲಿಥಿಯಂ ಲೋಹ, ಇವೆಲ್ಲ ಸೇರಿ ಆಗುವುದು ಅದು. ಹಳೇ ಫೋನಿನ ಹಿಂದಿನ ಮುಚ್ಚಳ ಎತ್ತಿಬಿಡುವುದು ಹೆಚ್ಚಾಗಿ ಗ್ಯಾಸು. ಒಳ್ಳೆಯ ಹೊಸ ಸೆಲ್ಲಿನಲ್ಲೂ ಮೊದಲನೆಯದು ಇದ್ದೇ ಇರುತ್ತದೆ. ಅದು ರೋಗವಲ್ಲ, ಸೆಲ್ ಕೆಲಸ ಮಾಡುವ ರೀತಿಯೇ ಹಾಗೆ.

ಆ ಸಹಜ ಉಬ್ಬಿಗೂ ಜಾಗ ಬೇಕು, ಅದನ್ನು ಮರೆಯಬಾರದು. 2016ರಲ್ಲಿ ಬೆಂಕಿ ಹೊತ್ತಿಕೊಂಡ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನ್ ನೆನಪಿದೆಯಲ್ವಾ? ಮುಂದಿನ ಜನವರಿಯಲ್ಲಿ ಬಂದ ತನಿಖಾ ವರದಿಯ ಪ್ರಕಾರ, ಎರಡು ಮಾದರಿ ಬ್ಯಾಟರಿಗಳಲ್ಲಿ ಒಂದರ ತೊಂದರೆ ಪೌಚಿನ ಮೂಲೆಯಲ್ಲಿ ಜಾಗ ಸಾಲದೆ ನೆಗೆಟಿವ್ ಎಲೆಕ್ಟ್ರೋಡಿನ ತುದಿ ಬಾಗಿದ್ದು.

ಈಗ ನಿಮ್ಮ ಸೆಲ್ಲಿನ ಲೆಕ್ಕಕ್ಕೆ ಬರೋಣ. ಗ್ರಾಫೈಟ್ 10 ಶೇಕಡಾ ಹಿಗ್ಗಿದರೂ ಇಡೀ ಸೆಲ್ ಅಷ್ಟು ಹಿಗ್ಗುವುದಿಲ್ಲ. ತಾಮ್ರ, ಅಲ್ಯೂಮಿನಿಯಂ ಫಾಯಿಲ್‌ಗಳು ಹಾಗೇ ಇರುತ್ತವೆ. ಎಲೆಕ್ಟ್ರೋಡುಗಳನ್ನು ಬೇರೆ ಇಡುವ ಹಾಳೆ, ಸೆಪರೇಟರ್, ಸ್ವಲ್ಪ ಅಮುಕಿಕೊಳ್ಳುತ್ತದೆ. ಕಣಗಳ ನಡುವಿನ ಸಂದುಗಳು ಒಂದಷ್ಟು ನುಂಗಿಕೊಳ್ಳುತ್ತವೆ. ಫೋನ್ ಸೆಲ್ಲಿನಂಥ ಪೌಚಿನಲ್ಲಿ ಕೊನೆಗೆ ದಪ್ಪ ಹೆಚ್ಚುವುದು ಸುಮಾರು 1ರಿಂದ 2 ಶೇಕಡಾ. 5 ಮಿಲಿಮೀಟರ್ ದಪ್ಪದ ಸೆಲ್ ಅಂದುಕೊಂಡರೆ 50ರಿಂದ 100 ಮೈಕ್ರಾನ್. ವರ್ಕ್‌ಶಾಪಿನ ಮಾಮೂಲಿ ಡಯಲ್ ಗೇಜಿನ ಒಂದು ಗೆರೆ 10 ಮೈಕ್ರಾನ್. ಮುಳ್ಳು ಐದರಿಂದ ಹತ್ತು ಗೆರೆ ಓಡುವುದು ಕಣ್ಣಿಗೆ ಕಾಣುತ್ತದೆ, ತರಗತಿಯಲ್ಲಿ ತೋರಿಸಲು ಚೆನ್ನಾಗಿರುತ್ತದೆ. ಆದರೆ ಪ್ರಾಜೆಕ್ಟಿಗೆ ಸಾಲದು, ಏಕೆಂದರೆ ನಿಮಗೆ ಬೇಕಿರುವುದು ಒಟ್ಟು ಉಬ್ಬು ಮಾತ್ರವಲ್ಲ, ಅದು ಯಾವ ಹಂತದಲ್ಲಿ ಎಷ್ಟಾಯಿತು ಅನ್ನುವ ಗೆರೆಯ ಆಕಾರ. 1 ಮೈಕ್ರಾನ್ ತೋರಿಸುವ, ಕಂಪ್ಯೂಟರಿಗೆ ಡೇಟಾ ಕಳಿಸುವ ಡಿಜಿಟಲ್ ಗೇಜ್ ಅಥವಾ ಎಲ್‌ವಿಡಿಟಿ (ಚಲನೆಯನ್ನು ವಿದ್ಯುತ್ ಸಂಕೇತವಾಗಿಸುವ ಸೆನ್ಸರ್) ಹೊಂದಿಸಿಕೊಳ್ಳಿ.

ಗೇಜಿನ ಮೂತಿಯನ್ನು ನೇರವಾಗಿ ಪೌಚಿನ ಮೇಲೆ ಇಡಬೇಡಿ. ಅದರ ಸ್ಪ್ರಿಂಗ್ ಬಲ ಚಿಕ್ಕದೇ, ಆದರೂ ಒಂದೇ ಬಿಂದುವಿನಲ್ಲಿ ಮೆತ್ತನೆ ಹಾಳೆ ತಗ್ಗಿಹೋಗುತ್ತದೆ. ಸೆಲ್ಲಿನ ಮೇಲೆ ಸಮತಟ್ಟಾದ ಪ್ಲೇಟ್, ಅದರ ಮೇಲೆ ಒಂದೆರಡು ಕೆಜಿ ತೂಕ, ಪ್ಲೇಟಿನ ನಡುಮಧ್ಯ ಗೇಜ್. ತೂಕ ಇಡದಿದ್ದರೆ ಪೌಚಿನ ಸುಕ್ಕುಗಳೇ ನಿಮ್ಮ ಗ್ರಾಫನ್ನು ಬರೆಯುತ್ತವೆ.

ಇದು ಒಂದು ದಾರಿ: ಭಾರವನ್ನು ಒಂದೇ ಸಮ ಇಟ್ಟು ದಪ್ಪ ಅಳೆಯುವುದು. ಇನ್ನೊಂದು, ಜಾಗವನ್ನು ಬಿಗಿ ಹಿಡಿದು ಬಲ ಅಳೆಯುವುದು. ಮಳೆಗಾಲದಲ್ಲಿ ಉಬ್ಬಿದ ಮರದ ಬಾಗಿಲು ಚೌಕಟ್ಟಿನೊಳಗೆ ದಪ್ಪವಾಗುವುದಿಲ್ಲ, ಚೌಕಟ್ಟನ್ನು ಒತ್ತುತ್ತದೆ. ಹಾಗೆಯೇ ಎರಡು ದಪ್ಪ ಪ್ಲೇಟುಗಳ ನಡುವೆ ಸೆಲ್ಲನ್ನೂ ಲೋಡ್ ಸೆಲ್ಲನ್ನೂ ಇಟ್ಟು ಬೋಲ್ಟ್ ಬಿಗಿದರೆ ಉಬ್ಬು ನ್ಯೂಟನ್‌ಗಳಲ್ಲಿ ಕಾಣುತ್ತದೆ. ವಾಹನದ ಪ್ಯಾಕಿನಲ್ಲಿ ಸೆಲ್‌ಗಳು ಇರುವುದು ಹೆಚ್ಚುಕಡಿಮೆ ಹೀಗೇ. 50 ಬೈ 35 ಮಿಲಿಮೀಟರಿನ ಪೌಚಿಗೆ 0.1 ಮೆಗಾಪಾಸ್ಕಲ್ ಆರಂಭದ ಒತ್ತಡ ಕೊಡಬೇಕೆಂದರೆ 175 ನ್ಯೂಟನ್ ಬಿಗಿಯಬೇಕು, ಸುಮಾರು 18 ಕೆಜಿಯ ಭಾರ.

ಇಲ್ಲೊಂದು ಬಲೆ ಇದೆ. ಜಾಗ ಬಿಗಿಯಾಗಿದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಬೀಮ್ ಮಾದರಿಯ ಲೋಡ್ ಸೆಲ್ ಪೂರ್ತಿ ಭಾರಕ್ಕೆ ಮಿಲಿಮೀಟರಿನ ಹತ್ತನೇ ಭಾಗದ ಲೆಕ್ಕದಲ್ಲಿ ತಾನೇ ಬಾಗುತ್ತದೆ. ನೀವು ಅಳೆಯಹೊರಟ ಉಬ್ಬೂ ಅಷ್ಟೇ! ಹಾಗಾಗಿ ಸೆಲ್ ಅರ್ಧ ಹಿಗ್ಗಿ, ಅರ್ಧ ಒತ್ತಿ, ಎರಡರ ನಡುವಿನ ಒಂದು ಸಂಖ್ಯೆ ಬರುತ್ತದೆ. ತೆಳ್ಳನೆ ಡಿಸ್ಕಿನಂಥ ಗಟ್ಟಿ ಲೋಡ್ ಸೆಲ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಫಿಕ್ಸ್‌ಚರಿನ ಸ್ಟಿಫ್‌ನೆಸ್, ಅಂದರೆ ಎಷ್ಟು ಬಲಕ್ಕೆ ಅದು ಎಷ್ಟು ಬಾಗುತ್ತದೆ ಅನ್ನುವುದನ್ನು, ಮೊದಲೇ ಅಳೆದು ವರದಿಯಲ್ಲಿ ಬರೆಯಿರಿ. ಸ್ಟಿಫ್‌ನೆಸ್ ಬರೆಯದ ಒತ್ತಡದ ಗ್ರಾಫ್ ನೋಡಿದರೆ ನಾನು ಮುಂದಕ್ಕೆ ಓದುವುದೇ ಇಲ್ಲ.

ಬಲೆಗಿಂತ ದೊಡ್ಡ ಶತ್ರು ಉಷ್ಣತೆ. 100 ಮಿಲಿಮೀಟರ್ ಉದ್ದದ ಸ್ಟೀಲ್ ಕಂಬ ಒಂದು ಡಿಗ್ರಿಗೆ 1.2 ಮೈಕ್ರಾನ್ ಹಿಗ್ಗುತ್ತದೆ, ಅಲ್ಯೂಮಿನಿಯಂ ಆದರೆ 2.3. ನಿಧಾನವಾಗಿ, ಹತ್ತು ಗಂಟೆಯಲ್ಲಿ ತುಂಬುವ ಹಾಗೆ ಚಾರ್ಜ್ ಮಾಡುತ್ತೀರಿ ಅಂದುಕೊಳ್ಳಿ. ಬೆಳಿಗ್ಗೆ ಶುರು ಮಾಡಿದರೆ ನಿಮ್ಮೂರಿನ ಮಧ್ಯಾಹ್ನ ದಾಟಬೇಕು. ಲ್ಯಾಬ್ 10 ಡಿಗ್ರಿ ಬಿಸಿಯಾದರೆ ಅಲ್ಯೂಮಿನಿಯಂ ಸ್ಟ್ಯಾಂಡ್ ಒಂದೇ 23 ಮೈಕ್ರಾನ್ ಸುಳ್ಳು ಹೇಳುತ್ತದೆ. ಬೇಗ ಚಾರ್ಜ್ ಮಾಡಿ ಮುಗಿಸೋಣ ಅಂದರೆ ಸೆಲ್ಲೇ ಬಿಸಿಯಾಗಿ ಹಿಗ್ಗುತ್ತದೆ. ಅದನ್ನು ಲಿಥಿಯಂ ಮಾಡಿದ ಹಿಗ್ಗು ಎಂದು ತಿಳಿದರೆ ಮುಗಿಯಿತು.

ಪರಿಹಾರ ದುಬಾರಿಯದೇನಲ್ಲ. ಪಕ್ಕದ ಬಯೋಟೆಕ್ನಾಲಜಿ ವಿಭಾಗದಲ್ಲಿ ಬಿಒಡಿ ಇನ್‌ಕ್ಯುಬೇಟರ್ (ಉಷ್ಣತೆಯನ್ನು ಒಂದೇ ಸಮ ಇಡುವ ಪೆಟ್ಟಿಗೆ) ಇದ್ದರೆ ಕೇಳಿ ನೋಡಿ, ಇಡೀ ಫಿಕ್ಸ್‌ಚರ್ ಅದರೊಳಗೆ ಕೂರುತ್ತದೆ. ಬ್ಯಾಟರಿ ಅಂದ ಕೂಡಲೇ ಅವರು ಹೆದರಬಹುದು. ಹೆದರಿಕೆ ತಪ್ಪೂ ಅಲ್ಲ, ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಇನ್ನೊಂದು ಉಪಾಯ: ಅದೇ ಮಾದರಿಯ ಇನ್ನೊಂದು ಸೆಲ್ಲನ್ನು ಅಂಥದೇ ಇನ್ನೊಂದು ಫಿಕ್ಸ್‌ಚರಿನಲ್ಲಿ, ಚಾರ್ಜ್ ಮಾಡದೆ ಸುಮ್ನೆ ಪಕ್ಕದಲ್ಲಿಡಿ. ಅದು ತೋರಿಸುವ ಏರಿಳಿತವೆಲ್ಲ ಕೋಣೆಯದು, ಲೆಕ್ಕದಿಂದ ಕಳೆಯಿರಿ. ಜೊತೆಗೆ ಚಾರ್ಜ್ ಮುಗಿದ ಮೇಲೆ ಒಂದೆರಡು ಗಂಟೆ ಕರೆಂಟ್ ನಿಲ್ಲಿಸಿ ಬರೀ ದಪ್ಪ ದಾಖಲಿಸಿ. ಸೆಲ್ ತಣ್ಣಗಾದಂತೆ ಎಷ್ಟು ಇಳಿಯಿತು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಇಷ್ಟು ಮಾಡಿದ ಮೇಲೆ ಬರುವ ಗ್ರಾಫು ನೋಡಲು ಖುಷಿ ಕೊಡುತ್ತದೆ. ಎಕ್ಸ್ ಅಕ್ಷದಲ್ಲಿ ತುಂಬಿದ ಚಾರ್ಜು, ವೈ ಅಕ್ಷದಲ್ಲಿ ದಪ್ಪ. ಗೆರೆ ನೇರ ಏರುವುದಿಲ್ಲ. ಗ್ರಾಫೈಟ್ ಹಂತ ಹಂತವಾಗಿ ತುಂಬುತ್ತದೆ. ಮೊದಲು ಲಿಥಿಯಂ ಅಲ್ಲೊಂದು ಇಲ್ಲೊಂದು ಪದರದಲ್ಲಿ ಸೇರುವಾಗ ದಪ್ಪ ಚುರುಕಾಗಿ ಏರುತ್ತದೆ. ಮಧ್ಯದಲ್ಲಿ, ಒಂದು ಪದರ ಬಿಟ್ಟು ಒಂದು ಪದರ ಒತ್ತೊತ್ತಾಗಿ ತುಂಬುವ ಹಂತದಲ್ಲಿ, ಪದರಗಳು ಆಗಲೇ ತೆರೆದುಕೊಂಡಿರುವುದರಿಂದ ಗೆರೆ ಹೆಚ್ಚುಕಡಿಮೆ ಮಟ್ಟಸವಾಗಿರುತ್ತದೆ. ಆಮೇಲೆ ಉಳಿದ ಪದರಗಳು ತೆರೆಯತೊಡಗಿದಾಗ ಮತ್ತೆ ಏರು. ಈ ತಿರುವುಗಳು ಗ್ರಾಫೈಟಿನ ಗುರುತು. ಹೊಸ ಸೆಲ್ಲಿನಲ್ಲಿ ತಿರುವು ಎಲ್ಲಿತ್ತು, ನೂರಾರು ಸೈಕಲ್ (ಚಾರ್ಜ್-ಡಿಸ್ಚಾರ್ಜ್ ಸುತ್ತು) ಆದ ಮೇಲೆ ಎಲ್ಲಿಗೆ ಸರಿಯಿತು ಎಂದು ನೋಡಿದರೆ ಆನೋಡಿಗೆ ಎಷ್ಟು ಲಿಥಿಯಂ ತಲುಪುತ್ತಿದೆ ಅನ್ನುವ ಸುಳಿವು ಸಿಗುತ್ತದೆ.

ಕ್ಯಾಥೋಡ್ ಕೂಡ ಸುಮ್ಮನಿರುವುದಿಲ್ಲ. ಫೋನ್ ಸೆಲ್ಲಿನ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಅರ್ಧ ಲಿಥಿಯಂ ಕಳೆದುಕೊಳ್ಳುವವರೆಗೆ ಒಂದು ದಿಕ್ಕಿನಲ್ಲಿ ಸುಮಾರು 2 ಶೇಕಡಾ ಹಿಗ್ಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್, ನಾವು ಎಲ್‌ಎಫ್‌ಪಿ ಅನ್ನುವುದು, ಅದಕ್ಕೆ ಉಲ್ಟಾ. ಚಾರ್ಜ್ ಆಗುವಾಗ ಅದರ ಗಾತ್ರ 6.8 ಶೇಕಡಾದಷ್ಟು ಕುಗ್ಗುತ್ತದೆ. ಆದ್ದರಿಂದ ಎಲ್‌ಎಫ್‌ಪಿ ಸೆಲ್ಲಿನಲ್ಲಿ ಒಂದು ಕಡೆ ಗ್ರಾಫೈಟ್ ಹಿಗ್ಗು, ಇನ್ನೊಂದು ಕಡೆ ಕ್ಯಾಥೋಡ್ ಕುಗ್ಗು. ಗ್ರಾಫೈಟ್ ಮಟ್ಟಸವಾಗಿರುವ ಮಧ್ಯದ ಹಂತದಲ್ಲೂ ಕ್ಯಾಥೋಡ್ ಕುಗ್ಗುತ್ತಲೇ ಇರುತ್ತದೆ. ಹಾಗಾಗಿ ಗೆರೆ ಏರಿ, ನಡುವೆ ಇಳಿದು, ಮತ್ತೆ ಏರುತ್ತದೆ. ನನ್ನ ಮಟ್ಟಿಗೆ ನಿಮ್ಮ ಪ್ರಾಜೆಕ್ಟಿನ ತಿರುಳು ಇಲ್ಲೇ ಇದೆ. ಎಲ್‌ಎಫ್‌ಪಿಯ ವೋಲ್ಟೇಜ್ ಗೆರೆ 3.3 ವೋಲ್ಟಿನ ಆಸುಪಾಸಿನಲ್ಲಿ ಚಪ್ಪಟೆ. ವೋಲ್ಟೇಜ್ ನೋಡಿ ಬ್ಯಾಟರಿ 40 ಶೇಕಡಾ ಇದೆಯಾ, 60 ಇದೆಯಾ ಎಂದು ಹೇಳುವುದು ಕಷ್ಟ. ವಿದ್ಯುತ್ ಗೆರೆ ಬಾಯಿ ಮುಚ್ಚಿಕೊಂಡಿರುವ ಕಡೆ ಒತ್ತಡದ ಗೆರೆ ಮಾತಾಡುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಏರಿಳಿತ ಇರುವುದರಿಂದ ಒಂದೇ ಬಲ ಎರಡು ಮೂರು ಕಡೆ ಬರುತ್ತದೆ. ಬಲದ ಜೊತೆ ಅದು ಏರುತ್ತಿದೆಯಾ ಇಳಿಯುತ್ತಿದೆಯಾ ಎಂದೂ ನೋಡಬೇಕು.

ಸಂಶೋಧನಾ ಲ್ಯಾಬುಗಳು ಏನು ಮಾಡುತ್ತವೆ ಎಂದು ಕೇಳಿದಿರಿ. ಇಡೀ ಸೆಲ್ ಅಳೆದರೆ ಆನೋಡ್, ಕ್ಯಾಥೋಡ್ ಎರಡೂ ಬೆರೆತ ಉತ್ತರ ಬರುತ್ತದಲ್ಲ, ಅದನ್ನು ಬಿಡಿಸಲು ಒಂಟಿ ಎಲೆಕ್ಟ್ರೋಡಿನ ಹಿಗ್ಗು ಅಳೆಯುವ ಡೈಲಾಟೋಮೀಟರ್ ಇದೆ. ಇದರಲ್ಲಿ ಎರಡು ಎಲೆಕ್ಟ್ರೋಡುಗಳ ನಡುವೆ ಗಟ್ಟಿ ಗಾಜಿನ ಫ್ರಿಟ್ (ರಂಧ್ರವಿರುವ ಬಿಲ್ಲೆ) ಅನ್ನು ಉಪಕರಣದ ದೇಹಕ್ಕೆ ಬಿಗಿದಿರುತ್ತಾರೆ. ಅಯಾನುಗಳು ಅದರ ರಂಧ್ರಗಳಲ್ಲಿ ಹಾಯುತ್ತವೆ, ಆದರೆ ಕೆಳಗಿನ ಎಲೆಕ್ಟ್ರೋಡಿನ ಉಬ್ಬು ಮೇಲಕ್ಕೆ ದಾಟುವುದಿಲ್ಲ. ಮೇಲಿನದರ ಚಲನೆ ಮಾತ್ರ ಸೆನ್ಸರಿಗೆ ಹೋಗುತ್ತದೆ. ಸೂಪರ್‌ಕೆಪಾಸಿಟರ್ ಕಾರ್ಬನ್ ಮೇಲೆ ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಇನ್‌ಸ್ಟಿಟ್ಯೂಟಿನಲ್ಲಿ ಇಂಥ ಕೆಲಸ ಬಹಳ ನಡೆಯಿತು. ಈಗ ಹ್ಯಾಂಬರ್ಗ್‌ನ ಇಎಲ್-ಸೆಲ್ ಕಂಪನಿಯ ರೆಡಿಮೇಡ್ ಉಪಕರಣ ಅನೇಕ ಲ್ಯಾಬುಗಳಲ್ಲಿದೆ.

ದಪ್ಪ ಬೇಡ, ಸ್ಟ್ರೆಸ್ (ವಸ್ತುವಿನೊಳಗಿನ ಒತ್ತಡ) ಬೇಕು ಅಂದರೆ? ಇದು ನಿಮಗೆ ಇಷ್ಟವಾಗುತ್ತದೆ. 1909ರಲ್ಲಿ ಸ್ಟೋನಿ ಎಂಬವರು ಸ್ಟೀಲ್ ಪಟ್ಟಿಯ ಮೇಲೆ ನಿಕ್ಕಲ್ ಲೇಪಿಸಿದಾಗ ಪಟ್ಟಿ ಬಾಗುವುದನ್ನು ಅಳೆದು, ಲೇಪದೊಳಗಿನ ಸ್ಟ್ರೆಸ್ ಲೆಕ್ಕ ಹಾಕುವ ಸೂತ್ರ ಕೊಟ್ಟರು. ನೂರು ವರ್ಷದ ನಂತರ ಅದೇ ಸೂತ್ರ ಬ್ಯಾಟರಿಗೆ ಬಂತು. ಸಿಲಿಕಾನ್ ವೇಫರ್ ಮೇಲೆ ತಾಮ್ರ, ಅದರ ಮೇಲೆ ತೆಳುವಾದ ಸಿಲಿಕಾನ್ ಫಿಲ್ಮ್. ಫಿಲ್ಮ್ ಲಿಥಿಯಂ ಕುಡಿದು ಹಿಗ್ಗಲು ನೋಡಿದರೆ ವೇಫರ್ ಬಿಡುವುದಿಲ್ಲ, ಇಡೀ ತಟ್ಟೆ ಬಾಗುತ್ತದೆ. ಹಿಂಬದಿಗೆ ಹಲವು ಲೇಸರ್ ಕಿರಣ ಬಿಟ್ಟು, ಪ್ರತಿಫಲಿಸಿದ ಚುಕ್ಕೆಗಳ ನಡುವಿನ ಅಂತರ ಎಷ್ಟು ಬದಲಾಯಿತೆಂದು ನೋಡುತ್ತಾರೆ. ಒಂದೇ ಕಿರಣ ಇದ್ದರೆ ಟೇಬಲ್ ಅಲುಗಿದರೂ ಚುಕ್ಕೆ ಸರಿಯುತ್ತದೆ. ಹಲವಿದ್ದರೆ ಅಲುಗಾಟಕ್ಕೆ ಎಲ್ಲವೂ ಒಟ್ಟಿಗೆ ಸರಿಯುತ್ತವೆ, ಅಂತರ ಹಾಗೇ ಉಳಿಯುತ್ತದೆ. ಸೂತ್ರದ ಇನ್ನೊಂದು ಸೊಗಸು: ಫಿಲ್ಮಿನ ಯಂಗ್ಸ್ ಮಾಡ್ಯುಲಸ್ (ವಸ್ತು ಎಷ್ಟು ಬಿಗಿ ಎಂದು ಹೇಳುವ ಸಂಖ್ಯೆ) ಬೇಕಾಗಿಯೇ ಇಲ್ಲ, ವೇಫರಿನದು ಸಾಕು. ಲಿಥಿಯಂ ಸೇರಿದಂತೆ ಫಿಲ್ಮಿನ ಗುಣ ಬದಲಾಗುತ್ತಲೇ ಇರುವುದರಿಂದ ಇದು ದೊಡ್ಡ ಅನುಕೂಲ.

2010ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ತಂಡ ಹೀಗೆ ಅಳೆದಾಗ ಸಿಲಿಕಾನ್ ಫಿಲ್ಮಿನಲ್ಲಿ ಸುಮಾರು 1.75 ಗಿಗಾಪಾಸ್ಕಲ್ ಒತ್ತುವ ಸ್ಟ್ರೆಸ್ ಕಂಡಿತು. ಮೈಲ್ಡ್ ಸ್ಟೀಲ್ ಯೀಲ್ಡ್ ಆಗುವುದು, ಅಂದರೆ ಶಾಶ್ವತವಾಗಿ ಆಕಾರ ಬದಲಿಸತೊಡಗುವುದು, 250 ಮೆಗಾಪಾಸ್ಕಲ್‌ಗೆ, ಇದು ಅದರ ಏಳು ಪಟ್ಟು. ಇಷ್ಟಾದರೂ 250 ನ್ಯಾನೋಮೀಟರ್ ಫಿಲ್ಮು 0.45 ಮಿಲಿಮೀಟರ್ ವೇಫರನ್ನು ಎಷ್ಟು ಬಾಗಿಸುತ್ತದೆ ಎಂದು ಲೆಕ್ಕ ಹಾಕಿ ನೋಡಿ: ಬಾಗಿನ ತ್ರಿಜ್ಯ ಸುಮಾರು 18 ಮೀಟರ್. ಕಣ್ಣಿಗೆ ಏನೂ ಕಾಣದು. ಇನ್ನೂ ಲಿಥಿಯಂ ತುಂಬಿದಾಗ ಸ್ಟ್ರೆಸ್ ಏರುವ ಬದಲು 1 ಗಿಗಾಪಾಸ್ಕಲ್ ಕಡೆಗೆ ಇಳಿಯಿತು. ಅಂದರೆ ಸಿಲಿಕಾನ್, ಆ ಒಡಕಲು ಸಿಲಿಕಾನ್, ಲೋಹದ ಹಾಗೆ ಪ್ಲಾಸ್ಟಿಕ್ ಆಗಿ ಹರಿಯುತ್ತಿದೆ. ಕರೆಂಟ್ ತಿರುಗಿಸಿದ ಕೂಡಲೇ ಅದು ಎಳೆತಕ್ಕೆ ತಿರುಗಿ ಇನ್ನೊಂದು ಕಡೆ ಯೀಲ್ಡ್ ಆಗುತ್ತದೆ. ಚಾರ್ಜ್, ಡಿಸ್ಚಾರ್ಜ್ ಸೇರಿ ಒಂದು ಲೂಪ್ ಬರುತ್ತದೆ, ಲೋಹವನ್ನು ಮತ್ತೆ ಮತ್ತೆ ಎಳೆದು ಒತ್ತುವ ಟೆಸ್ಟಿನಲ್ಲಿ ನೋಡುವ ಹಿಸ್ಟೆರಿಸಿಸ್ ಥರ. ಸಿಲಿಕಾನ್ ಆನೋಡಿನಲ್ಲಿ ಹಾಕಿದ ಶಕ್ತಿ ಪೂರ್ತಿ ವಾಪಸ್ ಬರದಿರಲು ಇದೂ ಒಂದು ಕಾರಣ.

ಈ ಕಷ್ಟ ಯಾಕೆ ಪಡುತ್ತಾರೆ ಅಂದರೆ ಆಸೆ ದೊಡ್ಡದು. ಒಂದು ಗ್ರಾಂ ಗ್ರಾಫೈಟ್ ಹಿಡಿಯುವುದು 372 ಮಿಲಿಆಂಪ್-ಅವರ್, ಸಿಲಿಕಾನ್ ಸುಮಾರು 3,580. ಆದರೆ ಗಾತ್ರ ಮೂರೂಮುಕ್ಕಾಲು ಪಟ್ಟು ಆಗುತ್ತದೆ, ದೊಡ್ಡ ಕಣಗಳು ಸೀಳಿಹೋಗುತ್ತವೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನೊಳಗೇ ಚಾರ್ಜ್ ಮಾಡಿ ನೋಡಿದವರು 2012ರಲ್ಲಿ ಹೇಳಿದ್ದು, ಸುಮಾರು 150 ನ್ಯಾನೋಮೀಟರಿಗಿಂತ ಚಿಕ್ಕ ಸಿಲಿಕಾನ್ ಕಣ ಮೊದಲ ಸಲ ತುಂಬುವಾಗ ಸೀಳುವುದಿಲ್ಲ ಎಂದು. ಕಣಗಳು ಒಡೆಯುವುದನ್ನು ಮೂರು ಆಯಾಮದಲ್ಲಿ ನೋಡಲು ಸಿಂಕ್ರೋಟ್ರಾನ್ ಎಕ್ಸ್-ರೇ ಟೊಮೊಗ್ರಫಿ ಬೇಕು. 2013ರಲ್ಲಿ ಸ್ವಿಸ್ ಲೈಟ್ ಸೋರ್ಸಿನಲ್ಲಿ ಟಿನ್ ಆಕ್ಸೈಡ್ ಕಣಗಳು ಬಿರಿಯುವುದನ್ನು ಹಾಗೆ ಸೆರೆಹಿಡಿದರು. ನಮ್ಮಲ್ಲಿ ಇಂದೋರ್‌ನ ಇಂಡಸ್-2 ಸಿಂಕ್ರೋಟ್ರಾನ್ ಇದೆ. ಕೊನೆ ವರ್ಷದ ಪ್ರಾಜೆಕ್ಟಿಗೆ ಆ ದಾರಿ ಹಿಡಿಯಬೇಡಿ, ವರ್ಷ ಮುಗಿದುಹೋಗುತ್ತದೆ.

ಕ್ವಾರ್ಟ್ಜ್ ಹರಳಿನ ತಕ್ಕಡಿಯೂ ಇದೆ. ಹರಳು ನಡುಗುವ ಆವರ್ತನ ಎಷ್ಟು ಇಳಿಯಿತು ಎಂದು ನೋಡಿ, ದಪ್ಪದ ಬದಲು ಸೇರಿದ ತೂಕ ಅಳೆಯುತ್ತದೆ. 5 ಮೆಗಾಹರ್ಟ್ಜ್ ಹರಳಿನ ಮೇಲೆ ಎಲೆಕ್ಟ್ರೋಡ್ ಲೇಪಿಸಿದರೆ, ಒಂದು ಹರ್ಟ್ಜ್ ಇಳಿತಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ 17.7 ನ್ಯಾನೋಗ್ರಾಂ ಸೇರಿದೆ ಎಂದರ್ಥ. ಲೇಪ ಗಟ್ಟಿಯಾಗಿದ್ದಾಗ ಮಾತ್ರ ಈ ಲೆಕ್ಕ ನಡೆಯುತ್ತದೆ. ನಿಮಗೆ ಇದು ಬೇಡ.

ನಿಮಗೆ ಕೈಗೆಟಕುವ ಇನ್ನೊಂದು ವಿಧಾನ ಅಲ್ಟ್ರಾಸೌಂಡ್. ಪೌಚಿನ ಒಂದು ಬದಿಯಿಂದ ಮೆಗಾಹರ್ಟ್ಜ್ ಶಬ್ದ ಕಳಿಸಿ, ಇನ್ನೊಂದು ಬದಿಗೆ ಬರಲು ಎಷ್ಟು ಮೈಕ್ರೋಸೆಕೆಂಡ್ ಹಿಡಿಯಿತು ಎಂದು ನೋಡುವುದು. 2015ರಲ್ಲಿ ಪ್ರಿನ್ಸ್‌ಟನ್ ತಂಡವೊಂದು ಇದನ್ನು ಮಾಮೂಲಿ ಸೆಲ್‌ಗಳ ಮೇಲೆ ಮಾಡಿ ತೋರಿಸಿತು. ಲಿಥಿಯಂ ತುಂಬಿದ ಗ್ರಾಫೈಟ್ ಖಾಲಿ ಗ್ರಾಫೈಟಿಗಿಂತ ಸುಮಾರು ಮೂರು ಪಟ್ಟು ಗಟ್ಟಿ ಎಂದು ಕಂಪ್ಯೂಟರ್ ಲೆಕ್ಕಗಳು ಹೇಳುತ್ತವೆ, ಹಾಗಾಗಿ ಚಾರ್ಜ್ ಆದಂತೆ ಶಬ್ದ ಹಾಯುವ ವೇಗ ಬದಲಾಗುತ್ತದೆ. ಇದರ ನಿಜವಾದ ಬೆಲೆ ಗ್ಯಾಸ್ ಗುರುತಿಸುವುದರಲ್ಲಿದೆ. ತೆಳ್ಳನೆ ಗ್ಯಾಸಿನ ಪದರ ಬಂದರೂ ಶಬ್ದ ಅಲ್ಲೇ ವಾಪಸ್ಸಾಗಿ ಸಿಗ್ನಲ್ ಕುಸಿಯುತ್ತದೆ. ಗೇಜು ದಪ್ಪ ಹೆಚ್ಚಾಯಿತು ಅನ್ನುತ್ತದೆ, ಗ್ಯಾಸಾ ಘನವಾ ಎಂದು ಹೇಳುವುದಿಲ್ಲ. ನಿಮ್ಮ ಕಾಲೇಜಿನ ಎನ್‌ಡಿಟಿ ಲ್ಯಾಬಿನಲ್ಲಿ (ವಸ್ತುವನ್ನು ಒಡೆಯದೆ ಪರೀಕ್ಷಿಸುವ ಲ್ಯಾಬ್) ಅಲ್ಟ್ರಾಸೌಂಡ್ ಫ್ಲಾ ಡಿಟೆಕ್ಟರ್ ಧೂಳು ಹಿಡಿಯುತ್ತಿದ್ದರೆ ಅದನ್ನು ಇಳಿಸಿ.

ಉಳಿದುಬಿಡುವ ಉಬ್ಬಿನಲ್ಲಿ ಹೆಚ್ಚು ಹೆದರಬೇಕಾದ್ದು ಲಿಥಿಯಂ ಲೋಹ. ತೀರಾ ವೇಗವಾಗಿ ಅಥವಾ ಚಳಿಯಲ್ಲಿ ಚಾರ್ಜ್ ಮಾಡಿದರೆ ಲಿಥಿಯಂ ಗ್ರಾಫೈಟಿನೊಳಗೆ ಹೋಗಲಾರದೆ ಮೇಲೆ ಲೋಹವಾಗಿ ಕೂರುತ್ತದೆ. ಒಂದು ಚದರ ಸೆಂಟಿಮೀಟರಿಗೆ ಒಂದು ಮಿಲಿಆಂಪ್-ಅವರ್ ಲೋಹವಾಗಿ ಕೂತರೆ 4.85 ಮೈಕ್ರಾನ್ ದಪ್ಪ. ಅಷ್ಟೇ ಲಿಥಿಯಂ ಗ್ರಾಫೈಟಿನೊಳಗೆ ಹೋದರೆ ಹಿಗ್ಗು ಸುಮಾರು 1.2 ಮೈಕ್ರಾನ್. ಸುಮಾರು ನಾಲ್ಕು ಪಟ್ಟು ವ್ಯತ್ಯಾಸ! ಹಾಗಾಗಿ ದಪ್ಪದ ಗೆರೆ ಮಾಮೂಲಿ ದಾರಿ ಬಿಟ್ಟು ಮೇಲಕ್ಕೆ ಜಿಗಿದರೆ, ವಿಶ್ರಾಂತಿ ಕೊಟ್ಟಾಗ ಸ್ವಲ್ಪ ಇಳಿದು ಪೂರ್ತಿ ಇಳಿಯದಿದ್ದರೆ, ಅನುಮಾನ ಪಡಬೇಕು. ಇದನ್ನು ನೀವಾಗಿ ಮಾಡಿ ನೋಡಲು ಹೋಗಬೇಡಿ. ತಯಾರಕರು ಹೇಳಿದ ಕರೆಂಟು, ವೋಲ್ಟೇಜು, ಉಷ್ಣತೆಯ ಮಿತಿ ದಾಟಿದ ಪ್ರಯೋಗಕ್ಕೆ ಬೆಂಕಿ ತಡೆಯುವ ಛೇಂಬರ್ ಬೇಕು. ಆಗಲೇ ಉಬ್ಬಿದ ಸೆಲ್ಲನ್ನು ಫಿಕ್ಸ್‌ಚರಿಗೆ ಹಾಕಿ ಬಿಗಿಯುವುದಂತೂ ಬೇಡವೇ ಬೇಡ.

ಇಷ್ಟು ಮಾಡಿ. ಎಲ್‌ಎಫ್‌ಪಿ ಪೌಚ್ ಎರಡು, ಎನ್‌ಎಂಸಿ (ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್ ಕ್ಯಾಥೋಡ್) ಅಥವಾ ಕೋಬಾಲ್ಟ್ ಪೌಚ್ ಎರಡು ತಗೊಳ್ಳಿ. ಪ್ರತಿ ಜೋಡಿಯಲ್ಲಿ ಒಂದು ಕೆಲಸಕ್ಕೆ, ಒಂದು ಹೋಲಿಕೆಗೆ. ಮೊದಲ ಕೆಲವು ಸೈಕಲ್‌ಗಳಲ್ಲಿ ಸೆಲ್ಲು ಫಿಕ್ಸ್‌ಚರಿನೊಳಗೆ ಕೂತುಕೊಳ್ಳುತ್ತಿರುತ್ತದೆ, ಆ ಡೇಟಾವನ್ನು ತೋರಿಸಿ, ಆದರೆ ಅದರಿಂದ ತೀರ್ಮಾನ ತೆಗೆಯಬೇಡಿ. ಮೊದಲು ತೂಕ ಇಟ್ಟು ದಪ್ಪ, ಆಮೇಲೆ ಬೋಲ್ಟ್ ಬಿಗಿದು ಬಲ. ಒಂದೇ ಸೆಲ್ಲಿನ ಈ ಎರಡು ಗೆರೆಗಳನ್ನು ಫಿಕ್ಸ್‌ಚರಿನ ಸ್ಟಿಫ್‌ನೆಸ್ ಸೇರಿಸಿ ಒಂದಕ್ಕೊಂದು ತಾಳೆ ಹಾಕಿ. ತಾಳೆಯಾದರೆ ಸೆಲ್ಲಿನ ಸ್ವಂತ ಸ್ಟಿಫ್‌ನೆಸ್ ನಿಮ್ಮ ಕೈಗೆ ಸಿಗುತ್ತದೆ. ಪ್ಯಾಕಿನಲ್ಲಿ ಸೆಲ್‌ಗಳ ನಡುವೆ ಎಷ್ಟು ದಪ್ಪದ ಫೋಮ್ ಇಡಬೇಕು ಎಂದು ಲೆಕ್ಕ ಹಾಕುವವರು ಹುಡುಕುವುದು ಅದೇ ಸಂಖ್ಯೆಯನ್ನು. ತಾಳೆಯಾಗದಿದ್ದರೆ ಮೊದಲು ಪ್ಲೇಟುಗಳು ಸಮಾನಾಂತರವಾಗಿವೆಯಾ ನೋಡಿ.